ಹುಣ್ಣು ಮುಚ್ಚುವುದಕ್ಕೆ ಮುನ್ನ, ಮುಚ್ಚಿದ ಮೇಲೆ

ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಆಗುವ, ಮೂಳೆಯವರೆಗೂ ಇಳಿದ ಹಾಸಿಗೆ ಹುಣ್ಣುಗಳಿಗೆ ನಾನು ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡುತ್ತ ಬಂದಿದ್ದೇನೆ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬರುವ ಮನೆಯವರು, "ಸಾಹೇಬ್ರ, ಇವತ್ತ ಆಪರೇಶನ್ ಮಾಡಿ ಮುಚ್ಚಿಬಿಡ್ರಿ" ಎಂದು ಕೇಳಿಕೊಳ್ಳುತ್ತಾರೆ. ಕೊಳೆತ ಮಾಂಸವನ್ನು ಕೂಡಲೇ ತೆಗೆಯುತ್ತೇನೆ. ಮುಚ್ಚುವುದಕ್ಕೆ ಮಾತ್ರ ಅವಸರ ಮಾಡುವುದಿಲ್ಲ. ಹುಣ್ಣಿನಿಂದ ದಿನವೂ ಪ್ರೋಟೀನ್ ಸೋರಿಹೋಗುವುದರಿಂದ ಮೊದಲು ರಕ್ತಹೀನತೆ ನೀಗಬೇಕು, ರೊಟ್ಟಿಯ ಜೊತೆಗೆ ಮೊಟ್ಟೆ, ಕಾಳುಪಲ್ಯ ಹೊಟ್ಟೆಗೆ ಹೋಗಬೇಕು, ಬೀಡಿ ನಿಲ್ಲಬೇಕು. ಕಾಲಿನ ಸೆಳೆತ ಹತೋಟಿಗೆ ಬಾರದಿದ್ದರೆ ಹೊಲಿಗೆ ಹರಿಯುತ್ತದೆ.

ಗಾಲಿಕುರ್ಚಿಯಲ್ಲಿ ಕೂರುವ ಯುವಕನೊಬ್ಬನ ಪೃಷ್ಠದ ಮೂಳೆಯ ಮೇಲೆ, ಹೊರಗೆ ಬೆರಳು ತೂರುವಷ್ಟೇ ಬಾಯಿಯಿದ್ದ ಹುಣ್ಣು ಒಳಗೆ ಚೀಲದಂತೆ ಹರಡಿತ್ತು. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ನೀಲಿಗಟ್ಟಿದ ಚೀಲವನ್ನೆಲ್ಲ ಬಿಡದೆ ಕತ್ತರಿಸಿ ತೆಗೆದೆ. ಮೆತ್ತಗಾಗಿದ್ದ ಮೂಳೆಯನ್ನು ಹೊಸ ರಕ್ತ ಜಿನುಗುವವರೆಗೆ ಉಳಿಯಿಂದ ಕೆತ್ತಿ, ಒಂದು ಚೂರನ್ನು ಪರೀಕ್ಷೆಗೆ ಕಳಿಸಿದೆ. ಮೂಳೆಯನ್ನು ಪೂರ್ತಿ ತೆಗೆದರೆ ಭಾರವೆಲ್ಲ ಇನ್ನೊಂದು ಬದಿಗೆ ಬಿದ್ದು ಅಲ್ಲಿಯೂ ಹುಣ್ಣಾಗುತ್ತದೆ. ಆದ್ದರಿಂದ ಕೆಟ್ಟಷ್ಟನ್ನೇ ತೆಗೆಯುತ್ತೇನೆ. ಅನಂತರ ತೊಡೆಯ ಹಿಂಭಾಗದ ಚರ್ಮವನ್ನು ಸ್ನಾಯುಸಹಿತ ತ್ರಿಕೋನಾಕಾರದಲ್ಲಿ ಬಿಡಿಸಿಕೊಂಡು, ರಕ್ತನಾಳಗಳನ್ನು ಉಳಿಸಿ ಮೇಲಕ್ಕೆ ಸರಿಸಿ ಹೊಲಿದೆ. ಈ ಹುಣ್ಣು ಮರುಕಳಿಸುವುದು ಸಾಮಾನ್ಯವಾದ್ದರಿಂದ, ಮುಂದೆ ಆ ಚರ್ಮವನ್ನೇ ಇನ್ನಷ್ಟು ಮೇಲೆ ಸರಿಸಲು ಬರುವಂತೆ ಕತ್ತರಿಸುವ ಗೆರೆ ಎಳೆಯುವುದು ಈ ಕೆಲಸದಲ್ಲಿ ನಾನು ಅತಿ ಮುಖ್ಯವೆಂದು ನಂಬಿರುವ ಸಂಗತಿ.

ರೋಗಿಗೆ ನೋವು ತಿಳಿಯುವುದಿಲ್ಲವೆಂದು ಅರಿವಳಿಕೆ ತಜ್ಞರಿಲ್ಲದೆ ಕತ್ತಿ ಹಿಡಿಯಬಾರದು. ಬೆನ್ನುಹುರಿಯ ಎದೆಭಾಗದ ಆರನೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ, ನೋವು ತಿಳಿಯದಿದ್ದರೂ, ಕತ್ತರಿಸುವಾಗ ರಕ್ತದೊತ್ತಡ ಒಮ್ಮೆಲೇ ಅಪಾಯದ ಮಟ್ಟಕ್ಕೆ ಏರಬಹುದು.

ಆಪರೇಶನ್ ಆದ ಮೇಲೆ 3ರಿಂದ 6 ವಾರ ಕೂರುವಂತಿಲ್ಲ. ಏರ್ ಬೆಡ್ ಇದ್ದರೂ ಮಗ್ಗಲು ಬದಲಿಸುತ್ತಲೇ ಇರಬೇಕು. ಆಮೇಲೆ ಮೊದಲು 15 ನಿಮಿಷ ಮಾತ್ರ ಕೂರಿಸಿ, ಮಲಗಿಸಿ, ಚರ್ಮ ನೋಡುತ್ತೇವೆ. ಮೂಡಿದ ಕೆಂಪು ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಸಮಯ ಹೆಚ್ಚಿಸುವುದಿಲ್ಲ. ಆ ಯುವಕನ ಅವ್ವನಿಗೆ ಬೆರಳಿನಿಂದ ಒತ್ತಿ ಕೆಂಪನ್ನು ಗುರುತಿಸುವುದನ್ನು ನಮ್ಮ ಸಿಸ್ಟರ್ ಕಲಿಸಿದರು. ಅವನಿಗೆ ಕನ್ನಡಿ ಹಿಡಿದು ತಾನೇ ನೋಡಿಕೊಳ್ಳುವುದನ್ನೂ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆಗಾಗ ಭಾರ ಇಳಿಸುವುದನ್ನೂ ಹೇಳಿಕೊಟ್ಟೆವು. ಹಳೆಯ ಕುರ್ಚಿಯ ಜೋತುಬಿದ್ದ ರೆಕ್ಸಿನ್ ಮೇಲೆಯೇ ಮತ್ತೆ ಕೂತರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಗುವುದರಿಂದ, ಈಗ ರೋಗಿಯ ಕುರ್ಚಿಯನ್ನೂ ಕುಶನ್ನನ್ನೂ ತರಿಸಿ ನೋಡದೆ ನಾನು ಆಪರೇಶನ್ನಿಗೆ ದಿನಾಂಕ ಕೊಡುವುದಿಲ್ಲ.