ಮನೆಯ ಲ್ಯಾಪ್‌ಟಾಪಿನಲ್ಲಿ ವಿಭಾಗದ ಫೋಲ್ಡರು ತೆರೆಯುವ ಕ್ರಮ

ಕ್ಯಾಂಪಸ್ಸಿನ ಪ್ರಯೋಗಾಲಯದಲ್ಲಿ ತಾನಾಗಿ ತೆರೆದುಕೊಳ್ಳುವ ವಿಭಾಗದ ಫೋಲ್ಡರು ತೀರ್ಥಹಳ್ಳಿಯ ಮನೆಯಲ್ಲಿ ಕಾಣಿಸದಿದ್ದರೆ ಅದು ಲ್ಯಾಪ್‌ಟಾಪಿನ ದೋಷವಲ್ಲ. ಇಂಥ ಫೋಲ್ಡರುಗಳು ಸಾಮಾನ್ಯವಾಗಿ ಎಸ್‌ಎಂಬಿ ಎಂಬ, ಜಾಲದಲ್ಲಿ ಕಡತ ಹಂಚಿಕೊಳ್ಳುವ ಪ್ರೋಟೋಕಾಲಿನಲ್ಲಿ (ಕಂಪ್ಯೂಟರುಗಳ ಮಾತುಕತೆಯ ನಿಯಮಾವಳಿ), ಸರ್ವರಿನ 445ನೇ ಪೋರ್ಟು ಎಂಬ ಬಾಗಿಲಿನ ಮೂಲಕ ಕೆಲಸ ಮಾಡುತ್ತವೆ. 2017ರಲ್ಲಿ ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಹಬ್ಬಿದ್ದು ಇದೇ ದಾರಿಯಲ್ಲಾದ್ದರಿಂದ, ಹೊರಗಿನವರಿಗೆ ಆ ಬಾಗಿಲು ಮುಚ್ಚಿರುವುದೇ ಸರಿ.

ಆದ್ದರಿಂದ ಮೊದಲು ವಿಶ್ವವಿದ್ಯಾಲಯ ಕೊಟ್ಟಿರುವ, ಹೊರಗಿನಿಂದಲೇ ಕ್ಯಾಂಪಸ್ಸಿನ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್‌ಗೆ ಲಾಗಿನ್ ಆಗಬೇಕು. ಫೋಲ್ಡರಿನ ಮಾತು ಆಮೇಲೆ. ವಿಂಡೋಸ್‌ನಲ್ಲಿ 'ದಿಸ್ ಪಿಸಿ' ಮೇಲೆ ಬಲ ಕ್ಲಿಕ್ ಮಾಡಿ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಆರಿಸಿ, ಎರಡು ಹಿಮ್ಮುಖ ಓರೆಗೆರೆಗಳ ನಂತರ ಸರ್ವರಿನ ಹೆಸರನ್ನೂ, ಇನ್ನೊಂದು ಹಿಮ್ಮುಖ ಓರೆಗೆರೆಯ ನಂತರ ಫೋಲ್ಡರಿನ ಹೆಸರನ್ನೂ ಬರೆಯಿರಿ. ಸರ್ವರಿನ ಮೋಟು ಹೆಸರು ಕ್ಯಾಂಪಸ್ಸಿನಲ್ಲಿ ನಡೆದರೂ ವಿಪಿಎನ್‌ನಲ್ಲಿ ಹಲವು ಸಲ ಸಿಗುವುದಿಲ್ಲವಾದ್ದರಿಂದ ಡೊಮೇನ್ (ಸಂಸ್ಥೆಯ ಜಾಲದ ಹೆಸರು) ಸಹಿತ ಪೂರ್ಣ ಹೆಸರನ್ನೇ ಕೊಡಿ. ಸ್ವಂತ ಲ್ಯಾಪ್‌ಟಾಪು ನಿಮ್ಮ ಮನೆಯ ಲಾಗಿನ್ ಹೆಸರನ್ನೇ ಸರ್ವರಿಗೆ ಒಪ್ಪಿಸಿ ತಿರಸ್ಕಾರ ಪಡೆಯುತ್ತದೆ. ಅದಕ್ಕಾಗಿ ಬೇರೆ ಖಾತೆಯಿಂದ ಸಂಪರ್ಕಿಸುವ ಆಯ್ಕೆಗೆ ಗುರುತು ಹಾಕಿ, ಡೊಮೇನ್ ಹೆಸರನ್ನು ಮುಂದಿಟ್ಟು ವಿಶ್ವವಿದ್ಯಾಲಯದ ಬಳಕೆದಾರ ಹೆಸರನ್ನು ಬರೆಯಬೇಕು. ಪಾಸ್‌ವರ್ಡು ತಪ್ಪೆಂದು ದೂರುವವರಲ್ಲಿ ಬಹುಪಾಲು ಎಡವುವುದು ಇಲ್ಲಿಯೇ ಎಂಬುದು ನನ್ನ ಅನುಭವ. ಮ್ಯಾಕ್‌ನಲ್ಲಿ ಫೈಂಡರಿನ 'ಗೋ' ಪಟ್ಟಿಯಲ್ಲಿರುವ 'ಕನೆಕ್ಟ್ ಟು ಸರ್ವರ್' ಇದೇ ಕೆಲಸ ಮಾಡುತ್ತದೆ.

ಇನ್ನು ಮಲೆನಾಡಿನ ಮಳೆಗಾಲದ ವಿಚಾರ. ಎಸ್‌ಎಂಬಿಯು ಪ್ರತಿಯೊಂದು ಕೆಲಸಕ್ಕೂ ಸರ್ವರಿನೊಡನೆ ಹಲವು ಸಲ ಮಾತಾಡುವುದರಿಂದ, ವೇಗ ಸಾಕಷ್ಟಿದ್ದರೂ ಉತ್ತರ ಬರುವುದು ತಡವಾದರೆ ಫೋಲ್ಡರು ತೆವಳುತ್ತದೆ. ಪ್ರಬಂಧದ ಕಡತವನ್ನು ಸರ್ವರಿನಲ್ಲಿಟ್ಟೇ ತಿದ್ದುವಾಗ ಕರೆಂಟು ಹೋಗಿ ರೂಟರು ಆರಿದರೆ ಕಡತವೇ ಕೆಡಬಹುದು. ನಕಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ತಿದ್ದಿ, ಹೊಸ ದಿನಾಂಕದ ಹೆಸರಿನಲ್ಲಿ ಮರಳಿ ಏರಿಸುವುದು ಸುರಕ್ಷಿತ. ಸಹೋದ್ಯೋಗಿಯೂ ಅದನ್ನೇ ತಿದ್ದುತ್ತಿದ್ದರೆ ಮೊದಲೇ ಒಂದು ಫೋನ್ ಮಾಡಿ. ದೊಡ್ಡ ಕಡತಗಳಿಗೆ ವಿಂಡೋಸ್‌ನ ರೋಬೋಕಾಪಿ ಎಂಬ ನಕಲು ಆದೇಶವನ್ನು 'ಝಡ್' (/Z) ಆಯ್ಕೆಯೊಂದಿಗೆ ಬಳಸಿದರೆ, ತುಂಡಾದ ನಕಲು ನಿಂತಲ್ಲಿಂದ ಮುಂದುವರಿಯುತ್ತದೆ.

ಸಂಶೋಧನಾ ಪತ್ರಿಕೆಗಳಿಗಷ್ಟೇ ಪ್ರವೇಶ ಬೇಕಿದ್ದರೆ ಇಷ್ಟೆಲ್ಲ ಬೇಕಾಗದಿರಬಹುದು: ನಿಮ್ಮ ಸಂಸ್ಥೆ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಇನ್‌ಫೆಡ್ ಎಂಬ ಲಾಗಿನ್ ವ್ಯವಸ್ಥೆಯ ಸದಸ್ಯನಾಗಿದ್ದರೆ ಗ್ರಂಥಾಲಯದಿಂದ ಪಡೆದ ಲಾಗಿನ್‌ನಿಂದಲೇ ಪ್ರಕಾಶಕರ ಜಾಲತಾಣದಲ್ಲಿ ಓದಬಹುದು.

ಪೇಟೆಯ ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ವಿಭಾಗದ ಡ್ರೈವನ್ನು ಜೋಡಿಸಲೇಬೇಡಿ. ಸ್ವಂತ ಲ್ಯಾಪ್‌ಟಾಪಿನಲ್ಲಾದರೂ, ತೆರೆದ ಕಡತಗಳನ್ನೆಲ್ಲ ಮುಚ್ಚಿದ ಮೇಲೆಯೇ ವಿಪಿಎನ್ ಕಡಿಯಿರಿ.