ಸಾಮಿಲ್ಲಿನ ಬ್ಲೇಡಿನಿಂದ ಬಾಣದ ಮೊನೆ: ಕುಲುಮೆಯಿಲ್ಲದೆ ಮಾಡಿದ ನನ್ನ ಅನುಭವ

ಬೆಂಕಿ ಕಾಣದ ಉಕ್ಕಿನಿಂದ ಮಾಡಿದ್ದು ಬಾಣದ ಮೊನೆಯೇ ಅಲ್ಲ ಎಂದು ನನ್ನ ಜೊತೆ ಬಿಲ್ಲು ಹಿಡಿಯುವ ಗೆಳೆಯರೂ, ನನಗೆ ಕಬ್ಬಿಣದ ಕೆಲಸ ಕಲಿಸಿದ ಹಿರಿಯ ಕಮ್ಮಾರರೂ ಒಂದೇ ದನಿಯಲ್ಲಿ ಹೇಳಿದ್ದರು. ಸಾಮಿಲ್ಲಿನಲ್ಲಿ ತುಂಡಾಗಿ ಬಿದ್ದಿದ್ದ ಬ್ಯಾಂಡ್‌ಸಾ (ಮರ ಸೀಳುವ ಪಟ್ಟಿ ಗರಗಸ) ಬ್ಲೇಡನ್ನು ಕಾಯಿಸದೆ, ಬಡಿಯದೆ, ಬರೀ ಕತ್ತರಿಸಿ ಉಜ್ಜಿ ಮಾಡಿದ ನನ್ನ ಮೊನೆಗಳು ಎರಡು ಮಳೆಗಾಲ ದಾಟಿಯೂ ಗುರಿಗೆ ಬೀಳುತ್ತಲೇ ಇವೆ. ಅಂದು ತಲೆಯಾಡಿಸಿದ ಗೆಳೆಯರಲ್ಲಿ ಇಬ್ಬರು ಈಗ ಅದೇ ಮೊನೆಗಳನ್ನು ನನ್ನಿಂದ ಕೇಳಿ ಪಡೆದಿದ್ದಾರೆ. ನನ್ನದು 35ರಿಂದ 40 ಪೌಂಡು ಸೆಳೆತದ ಬಿದಿರಿನ ಬಿಲ್ಲು, ನಮ್ಮ ತೋಟದ ಅಂಚಿನ ವಾಟೆಯಿಂದ (ತೆಳುವಾದ ಟೊಳ್ಳು ಬಿದಿರು) ಮಾಡಿದ ಬಾಣ, 20–30 ಮೀಟರ್ ದೂರದಲ್ಲಿ ಬಿಗಿದು ಕಟ್ಟಿದ ಹುಲ್ಲಿನ ಗುರಿ. ಇದು ಗುರಿಯ ಆಟಕ್ಕೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಆ ಉದ್ದೇಶದಿಂದ ಕೇಳಿದವರಿಗೆ ನಾನು ಒಂದು ಮೊನೆಯನ್ನೂ ಕೊಟ್ಟಿಲ್ಲ.

ಎಲ್ಲರಂತೆ ನಾನೂ ಲಾರಿಯ ಕಮಾನು ಪಟ್ಟಿಯಿಂದಲೇ ಆರಂಭಿಸಿದೆ. ಉಕ್ಕು ಒಳ್ಳೆಯದು, ಗುಜರಿಯಲ್ಲಿ ಕಿಲೋಗೆ 50–60 ರೂಪಾಯಿಗೆ ಸಿಗುತ್ತದೆ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಚೆನ್ನಾಗಿ ಬಿರುಸಾಗುತ್ತದೆ. ಆದರೆ 8–10 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಒಂದು ಮಿಲಿಮೀಟರಿಗೆ ಇಳಿಸುವಷ್ಟರಲ್ಲಿ ಇದ್ದಿಲಿನ ಚೀಲವೇ ಬರಿದಾಗುತ್ತಿತ್ತು. ಬಾಣದ ದಂಡವನ್ನು ಒಳಗೆ ತೂರಿಸುವ ಕೊಳವೆಯನ್ನು ಮಡಚುವಾಗ ಅಂಚು ಸೀಳುತ್ತಿತ್ತು, ಸೀಳದೆ ಉಳಿದದ್ದು 12–14 ಗ್ರಾಂ ತೂಗುತ್ತಿತ್ತು. ವಾಟೆಯ ಹಗುರ ದಂಡಕ್ಕೆ ಅಷ್ಟು ಭಾರ ಮುಂದೆ ಕಟ್ಟಿದರೆ ಬಿಲ್ಲಿನಿಂದ ಹೊರಟ ಕ್ಷಣದಲ್ಲಿ ದಂಡ ಅತಿಯಾಗಿ ಬಳುಕಿ, ಬಾಣ ಗುರಿಯ ಪಕ್ಕಕ್ಕೆ ಹೋಗುತ್ತದೆ. ಇದ್ದಿಲು 20 ಕಿಲೋ ಚೀಲಕ್ಕೆ ಸುಮಾರು 700 ರೂಪಾಯಿ. ಕೆಟ್ಟುಹೋದವುಗಳ ಲೆಕ್ಕವನ್ನೂ ಸೇರಿಸಿದರೆ ಒಂದು ಮೊನೆಗೆ 70 ರೂಪಾಯಿಯ ಆಸುಪಾಸು ಬೀಳುತ್ತಿತ್ತು, ಆ ಹಣಕ್ಕೆ ಅಂಗಡಿಯ ಮೊನೆಯೇ ಬರುತ್ತದೆ.

ಉಳಿದ ಲೋಹಗಳನ್ನೂ ಬಿಡಲಿಲ್ಲ. ಕಟ್ಟಡದ ಟಿಎಂಟಿ ಸರಳಿನಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಅದು ಮೊನೆಗೆ ಬೇಕಾದಷ್ಟು ಬಿರುಸಾಗುವುದಿಲ್ಲ. ಹಳೆಯ ಅರದ ಉಕ್ಕು ಗಾಜಿನಷ್ಟು ಬಿರುಸು, ಹದ ಇಳಿಸುವುದರಲ್ಲಿ, ಎಂದರೆ ಮತ್ತೆ ಮೆಲ್ಲಗೆ ಕಾಯಿಸಿ ಬಿರುಸು ತಗ್ಗಿಸುವುದರಲ್ಲಿ, ಸ್ವಲ್ಪ ಹೆಚ್ಚುಕಡಿಮೆಯಾದರೂ ಬುಡದಲ್ಲೇ ಮುರಿಯುತ್ತದೆ. ವರ್ಕ್‌ಶಾಪಿನ ಪವರ್ ಹ್ಯಾಕ್ಸಾ ಬ್ಲೇಡು ಎಲ್ಲಕ್ಕಿಂತ ಅಪಾಯ: ಗುರಿಯ ಮರದ ಚೌಕಟ್ಟಿಗೆ ತಾಗಿದ ಮೊನೆ ಚೂರಾಗಿ, ಒಂದು ಚೂರು ನನ್ನ ಕಾಲ ಬಳಿಯವರೆಗೆ ಹಾರಿ ಬಂತು. ಅದನ್ನು ಬಾಣಕ್ಕೆ ಯಾರೂ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಮಿಲ್ಲಿನ ಬ್ಲೇಡಿನ ಕಡೆಗೆ ನನ್ನ ಗಮನ ಹೋದದ್ದು ಅದರ ಹದದಿಂದಾಗಿ. ದೊಡ್ಡ ಚಕ್ರಗಳ ಮೇಲೆ ಇಡೀ ದಿನ ಬಾಗುತ್ತ ನೇರವಾಗುತ್ತ ಸುತ್ತಬೇಕಾದ ಉಕ್ಕಿಗೆ ಕಾರ್ಖಾನೆಯಲ್ಲೇ ಸ್ಪ್ರಿಂಗಿನ ಹದ ಕೊಟ್ಟಿರುತ್ತಾರೆ, ಅದೇ ಹೊತ್ತಿಗೆ ಅದರ ಹಲ್ಲನ್ನು ಸಾಮಿಲ್ಲಿನವರು ಉಜ್ಜಿ ಹರಿತ ಮಾಡಲೂ ಆಗುತ್ತದೆ. ನಾನು ಬೆಂಕಿ ಹಾಕಿ ಮೂರು ಹಂತಗಳಲ್ಲಿ ಪಡೆಯಲು ಹೆಣಗುತ್ತಿದ್ದ ಹದ ಅದರಲ್ಲಿ ಸಿದ್ಧವಾಗಿಯೇ ಇತ್ತು. ಒಂದು ಮಿಲಿಮೀಟರ್ ದಪ್ಪದ ತಗಡು ಮೊದಲ ಹೊಡೆತಕ್ಕೇ ಮಡಚಿಕೊಳ್ಳುತ್ತದೆ ಎಂದು ಕಮ್ಮಾರರು ಹೇಳಿದರು. ಅವರ ಎದುರಿನಲ್ಲೇ ಒಂದು ಮೊನೆಯನ್ನು ಹಲಸಿನ ಹಲಗೆಗೆ ಬಿಟ್ಟೆ. ತುದಿ ಕೂದಲೆಳೆಯಷ್ಟು ಬಾಗಿತ್ತು, ಕಮ್ಮಾರರ ಅಡಿಗಲ್ಲಿನ ಮೇಲೆ ಎರಡು ಸಲ ತಟ್ಟಿದಾಗ ನೆಟ್ಟಗಾಯಿತು.

ಹಳೆಯ ಬ್ಲೇಡು ದಣಿದ ಉಕ್ಕು ಎಂಬುದನ್ನು ಮಾತ್ರ ಮರೆಯಬಾರದು. ಹಲ್ಲಿನ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಬಹುಪಾಲು ಬ್ಲೇಡುಗಳು ತುಂಡಾಗುವುದು ಅಲ್ಲಿಂದಲೇ. ತುಂಡನ್ನು ಉಜ್ಜಿ ಶುಚಿ ಮಾಡಿ ಸೀಮೆ ಎಣ್ಣೆ ಸವರಿ ಹತ್ತು ನಿಮಿಷ ಬಿಡುತ್ತೇನೆ, ಆಮೇಲೆ ಬಟ್ಟೆಯಿಂದ ಒಣಗುವಂತೆ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸುತ್ತೇನೆ. ಬಿರುಕು ಇದ್ದಲ್ಲಿ ಒಳಗಿನ ಎಣ್ಣೆ ಮೇಲೆ ಬಂದು ಬಿಳಿಯ ಪುಡಿಯಲ್ಲಿ ಎಳೆಯಷ್ಟು ತೆಳುವಾದ ಒದ್ದೆ ಗೆರೆ ಮೂಡುತ್ತದೆ. ಗೆರೆ ಕಾಣದಿದ್ದರೂ ಹಲ್ಲಿನ ಕಡೆಯ ಒಂದು ಅಂಗುಲವನ್ನು ನಾನು ಬಳಸುವುದಿಲ್ಲ. ಮೊನೆಯನ್ನು ಬ್ಲೇಡಿನ ಉದ್ದಕ್ಕೇ ಬರೆದುಕೊಳ್ಳುತ್ತೇನೆ. ಅಡ್ಡಕ್ಕೆ ಬರೆದು ಕತ್ತರಿಸಿದವು, ದಂಡದೊಳಗೆ ಇಳಿಯುವ ಬಾಲದ ಬುಡದಲ್ಲಿ ಬೇಗ ಮುರಿದವು.

ಕತ್ತರಿಸಲು ನಾಲ್ಕಂಗುಲದ ಗ್ರೈಂಡರಿಗೆ ತೆಳುವಾದ ಕಟಿಂಗ್ ವೀಲ್ ಸಾಕು, ಆದರೆ ಬರೆದುಕೊಂಡ ಗೆರೆಯ ಮೇಲೆಯೇ ಕತ್ತರಿಸಬಾರದು. ವೀಲ್ ಹಾದ ಅಂಚಿನಲ್ಲಿ ನೀಲಿ ಬಣ್ಣದ ಪಟ್ಟಿಯೊಂದು ಉಳಿಯುತ್ತದೆ, ಅಲ್ಲಿಯ ಹದವನ್ನು ನಂಬುವಂತಿಲ್ಲ. ಆದ್ದರಿಂದ ಗೆರೆಯಿಂದ ಎರಡು ಮಿಲಿಮೀಟರ್ ಹೊರಗೆ ಕತ್ತರಿಸಿ, ಆ ನೀಲಿಯನ್ನು ಪೂರ್ತಿಯಾಗಿ ಸಾಣೆಯಲ್ಲಿ ತೆಗೆಯುತ್ತೇನೆ. ಸಾಣೆಗೆ ಬರಿಗೈಯಲ್ಲೇ ಹಿಡಿಯುತ್ತೇನೆ: ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದುವುದರಿಂದ ಉಕ್ಕು ಬಣ್ಣಕ್ಕೆ ತಿರುಗುವ ಮಾತೇ ಇಲ್ಲ. ಕೊನೆಯ ಕೆಲಸವೆಲ್ಲ ಅರದಿಂದ. ಮೊನೆಯ ಎಲೆಯಾಕಾರದ ಭಾಗದ ಅಗಲ 18 ಮಿಲಿಮೀಟರ್, ಉದ್ದ 45, ಹಿಂದಿನ ಬಾಲ 60. ಒಟ್ಟು ತೂಕ ಐದೂವರೆಯಿಂದ ಆರು ಗ್ರಾಂ, ಎಂದರೆ ಬಿಲ್ಲುಗಾರರ ತೂಕದ ಅಳತೆಯಲ್ಲಿ 90 ಗ್ರೇನಿನ ಹತ್ತಿರ. ಅಕ್ಕಸಾಲಿಗರ ಬಗೆಯ ಸಣ್ಣ ಡಿಜಿಟಲ್ ತಕ್ಕಡಿ 400 ರೂಪಾಯಿಗೆ ಬಂತು, ಒಂದು ಕಟ್ಟಿನ ಹನ್ನೆರಡೂ ಕಾಲು ಗ್ರಾಂ ಅಂತರದೊಳಗೆ ನಿಲ್ಲುತ್ತವೆ. ಅಂಗಡಿಯ ಮೊನೆಗಳನ್ನೂ ತೂಗಿ ನೋಡಿದ್ದೇನೆ, ನನ್ನವು ಅವಕ್ಕೆ ಏನೂ ಕಡಿಮೆಯಿಲ್ಲ. ಅಷ್ಟು ಬೇಗ ತೂಕ ಸರಿಹೊಂದಿಸಲು ನಾನು ಮಾಡಿಕೊಂಡ ಅಚ್ಚಿನ ವಿಷಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಬಾಲವನ್ನು ವಾಟೆಯ ಟೊಳ್ಳಿಗೆ ಇಳಿಸಿದರೆ ಗುರಿಗೆ ತಾಗಿದಾಗ ಅದು ಬೆಣೆಯಾಗಿ ದಂಡವನ್ನು ಸೀಳುತ್ತದೆ. ಬಿಗಿಯಾಗಿ ಸುತ್ತಿದ ದಾರ ಸ್ವಲ್ಪ ದಿನ ತಡೆಯಿತು. ಎ.ಸಿ. ರಿಪೇರಿಯವರ ಬಳಿ ಉಳಿದ 3/8 ಅಂಗುಲದ ತಾಮ್ರದ ಕೊಳವೆಯನ್ನು ಅರ್ಧ ಅಂಗುಲದ ಉಂಗುರಗಳಾಗಿ ಕತ್ತರಿಸಿ, ದಂಡದ ಬಾಯಿಗೆ ತೊಡಿಸಿದ ಮೇಲೆ ಸೀಳುವುದು ನಿಂತಿತು. ಬಾಲ ಕದಲದಂತೆ ಒಳಗೆ ತುಂಬುವುದು ಅರಗು ಮತ್ತು ಜರಡಿ ಹಿಡಿದ ಇಟ್ಟಿಗೆ ಪುಡಿ. ಬರೀ ಅರಗು ಚಳಿಗಾಲದ ಬೆಳಿಗ್ಗೆ ಒಡೆಯುತ್ತದೆ, ಅದಕ್ಕೆ ನಾನು ಸೇರಿಸುವ ಮೂರನೆಯ ವಸ್ತುವನ್ನೂ ಅಳತೆಯನ್ನೂ ಇಲ್ಲಿ ಬರೆಯುವುದಿಲ್ಲ. ಎಪಾಕ್ಸಿಯೂ ಹಿಡಿಯುತ್ತದೆ, ಆದರೆ ದಂಡ ಮುರಿದಾಗ ಮೊನೆಯನ್ನು ಬಿಡಿಸಲು ಹೆಚ್ಚು ಕಾಯಿಸಬೇಕು, ಉರಿ ಮಿತಿಮೀರಿದರೆ ಹದ ಕೆಡಬಹುದು. ಅರಗಾದರೆ ದೀಪದ ಉರಿಗೆ ಹಿಡಿದ ಕೂಡಲೇ ಕೈಗೆ ಬರುತ್ತದೆ.

ನಡುವೆ ಕಾಂಕ್ರೀಟ್ ಮೊಳೆಯಿಂದಲೂ ಮೊನೆ ಮಾಡಿ ನೋಡಿದೆ. ಮೂರಂಗುಲದ ಮೊಳೆಯ ತಲೆ ತೆಗೆದು, ತುದಿಯನ್ನು ನಾಲ್ಕು ಮೂಲೆ ಬರುವಂತೆ ಸಾಣೆ ಹಿಡಿದರೆ ಬಾಲವೂ ಮೊನೆಯೂ ಒಂದರಲ್ಲೇ ಸಿದ್ಧ, ಖರ್ಚು ಎರಡು ಮೂರು ರೂಪಾಯಿ. ಹುಲ್ಲಿನಿಂದ ಕೀಳುವುದು ಎಲೆಯಾಕಾರದ ಮೊನೆಗಿಂತ ಸುಲಭವಾದ್ದರಿಂದ ಕಲಿಯುವ ಮಕ್ಕಳ ಬಾಣಗಳಿಗೆ ಈಗಲೂ ಅದನ್ನೇ ಹಾಕುತ್ತೇನೆ.

ಸಾಮಿಲ್ಲಿನವರು ಬ್ಲೇಡನ್ನು ಗುಜರಿ ದರಕ್ಕೇ, ಕಿಲೋಗೆ 40 ರೂಪಾಯಿಯಂತೆ ಕೊಟ್ಟರು. ನಾಲ್ಕಂಗುಲ ಅಗಲದ್ದು ಎರಡು ಕಿಲೋ ತಂದರೆ ಎರಡೂವರೆ ಮೀಟರ್ ಬರುತ್ತದೆ, ಅದರಲ್ಲಿ ಅರವತ್ತರಷ್ಟು ಮೊನೆ. ಉಕ್ಕಿನ ಬೆಲೆ ಒಂದಕ್ಕೆ ಒಂದೂವರೆ ರೂಪಾಯಿ ದಾಟುವುದಿಲ್ಲ. ನಿಜವಾದ ಖರ್ಚು ಕಟಿಂಗ್ ವೀಲಿನದು, ಐದಾರು ಮೊನೆಗೆ ಒಂದು ಸವೆಯುತ್ತದೆ. ತಾಮ್ರ, ಅರಗು, ಕರೆಂಟು ಎಲ್ಲ ಸೇರಿ 15 ರೂಪಾಯಿ. ಒಂದಕ್ಕೆ ಮುಕ್ಕಾಲು ಗಂಟೆ ಬೇಕು. ಕಮ್ಮಾರರು ಮೊನ್ನೆ ಬಂದವರು ಉಳಿದ ಬ್ಲೇಡಿನಿಂದ ಒಂದು ಅಡಿ ಕೇಳಿ ಒಯ್ದಿದ್ದಾರೆ, ಅಡಿಕೆ ಸುಲಿಯುವ ಕತ್ತಿಗೆ ಅದೇ ಹದ ಒಗ್ಗುತ್ತದೆಯೇ ಎಂದು ನೋಡುತ್ತಾರಂತೆ.