ಆರು ವಸಾಹತು ಸೇರಿ ಒಂದು ದೇಶ: ತರಗತಿಯಲ್ಲೇ ಕಟ್ಟಿಸಿ ನೋಡುವ ಬಗೆ

ದಾವಣಗೆರೆ, ಚಿತ್ರದುರ್ಗ ಸೀಮೆಯ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಇದನ್ನು ಬರೆದಿದ್ದೇವೆ. ಬೇರೆ ಬೇರೆ ವಸಾಹತುಗಳು ಯಾಕೆ ಒಂದಾದವು ಎಂದು ಕೇಳಿದರೆ ಮಕ್ಕಳು ಥಟ್ಟನೆ "ಒಗ್ಗಟ್ಟಿನಲ್ಲಿ ಬಲವಿದೆ" ಅನ್ನುತ್ತಾರೆ. ಅದನ್ನು ಒಪ್ಪಿಬಿಟ್ಟರೆ ಪಾಠ ಅಲ್ಲಿಗೇ ನಿಂತಿತು. ಒಂದಾಗುವುದು ಎಂದರೆ ಚೌಕಾಸಿ. ನಾನು ಏನು ಬಿಟ್ಟುಕೊಡಬೇಕು, ನನಗೇನು ಸಿಗುತ್ತದೆ ಎಂದು ಪ್ರತಿ ವಸಾಹತೂ ಲೆಕ್ಕ ಹಾಕಿತ್ತು. ಅದೇ ಲೆಕ್ಕವನ್ನು ಮಕ್ಕಳ ಕೈಲಿ ಮಾಡಿಸಲು, ಬ್ರಿಟಿಷರ ಆರು ವಸಾಹತು ಸೇರಿ ಆದ ಆಸ್ಟ್ರೇಲಿಯಾದ ಉದಾಹರಣೆ ಹೇಳಿ ಮಾಡಿಸಿದಂತಿದೆ. 40 ನಿಮಿಷದ ಮೂರು ಅವಧಿ ಸಾಕು.

ಬೇಕಾದ ಸಾಮಾನು: ಸೀಮೆಸುಣ್ಣ, ಗೋಣಿದಾರ, 376 ಹುಣಸೆ ಬೀಜ, 75 ಚೀಟಿ. ಬೀಜದ ಬದಲು ಶೇಂಗಾ ಇಡಬೇಡಿ, ಅರ್ಧ ತಿಂದು ಲೆಕ್ಕ ತಪ್ಪುತ್ತದೆ.

ಮೊದಲ ದಿನ ಅಂಗಳದಲ್ಲಿ ಆಸ್ಟ್ರೇಲಿಯಾದ ನಕ್ಷೆ ಬರೆದು ತರಗತಿಯನ್ನು ಆರು ಗುಂಪು ಮಾಡಿ: ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ, ಟಾಸ್ಮೇನಿಯಾ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳ ನಡುವಿನ ಗಡಿಯಾದ ಮರ್ರೆ ನದಿಯ ಗೆರೆ ಎಳೆಯುವಾಗ ಹರಿಹರದ ತುಂಗಭದ್ರಾ ಸೇತುವೆ ನೆನಪಿಸಿ. ಒಂದು ಕಾಲಕ್ಕೆ ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತ. ಹೊಳೆಯೇ ಗಡಿಯಾಗುವುದು ಹೇಗೆಂದು ಬಿಡಿಸಿ ಹೇಳಬೇಕಿಲ್ಲ. ಮರ್ರೆ ದಾಟುವ ಸರಕಿಗೆ ಸುಂಕ ಕಟ್ಟಬೇಕಿತ್ತು.

ಈಗ ದಾರವನ್ನು ಮೂರು ಅಳತೆಗೆ ಕತ್ತರಿಸಿ: 160 ಸೆಂ.ಮೀ. ವಿಕ್ಟೋರಿಯಾಕ್ಕೆ, 143.5 ನ್ಯೂ ಸೌತ್ ವೇಲ್ಸ್‌ಗೆ, 106.7 ಕ್ವೀನ್ಸ್‌ಲ್ಯಾಂಡ್‌ಗೆ. ಇವು ಆಯಾ ವಸಾಹತಿನ ರೈಲು ಹಳಿಗಳ ಅಗಲ. ಮೆಲ್ಬೋರ್ನ್‌ನಿಂದ ಸಿಡ್ನಿಗೆ ಹೊರಟವರು ಗಡಿಯ ಆಲ್ಬರಿಯಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ನಾಲ್ಕು ಪುಸ್ತಕದ ಚೀಲಗಳನ್ನು ಒಂದು 'ಹಳಿ'ಯಿಂದ ಇನ್ನೊಂದಕ್ಕೆ ಹೊರಿಸಿ, ನಡುವೆ ಸುಂಕದ ಚೀಟಿ ಬರೆಸಿ. ದಾವಣಗೆರೆಯ ಮೀಟರ್ ಗೇಜ್ ಕಾಲವನ್ನು ಕಂಡ ಅಜ್ಜಂದಿರು ಮನೆಯಲ್ಲಿದ್ದರೆ ಅವರನ್ನೂ ಕೇಳಿಬರಲು ಹೇಳಿ.

ಅಂದೇ ಪ್ರತಿ ಗುಂಪಿಗೂ ಗುಟ್ಟಿನ ಚೀಟಿ ಕೊಡಿ. ವಿಕ್ಟೋರಿಯಾ ತನ್ನ ಕಾರ್ಖಾನೆಗಳ ರಕ್ಷಣೆಗೆ ಹೆಚ್ಚು ಸುಂಕ ಬಯಸುತ್ತದೆ, ನ್ಯೂ ಸೌತ್ ವೇಲ್ಸ್ ಮುಕ್ತ ವ್ಯಾಪಾರದ ಕಡೆ. ಸಣ್ಣ ವಸಾಹತುಗಳ ಬೊಕ್ಕಸ ನಿಂತಿರುವುದೇ ಸುಂಕದ ಮೇಲೆ. ಕ್ವೀನ್ಸ್‌ಲ್ಯಾಂಡ್‌ಗೆ ಹತ್ತಿರದ ನ್ಯೂಗಿನಿಯಲ್ಲಿ 1884ರಲ್ಲಿ ಜರ್ಮನಿ ಬಾವುಟ ನೆಟ್ಟಿದೆ, ಆ ಭಯ ಎಲ್ಲರಿಗೂ ಇದೆ. ಚೀಟಿ ಕೊಡದೆ ಚರ್ಚೆಗೆ ಬಿಟ್ಟರೆ ಐದೇ ನಿಮಿಷದಲ್ಲಿ ಎಲ್ಲರೂ ಸೇರೋಣ ಅಂದುಬಿಡುತ್ತಾರೆ. ಕಳೆದುಕೊಳ್ಳುವುದು ಏನೂ ಇಲ್ಲದವರಿಗೆ ಚೌಕಾಸಿ ಮಾಡಲು ಕಾರಣವೇ ಇರುವುದಿಲ್ಲ.

ಎರಡನೇ ದಿನದ್ದೇ ಮುಖ್ಯ ಕೆಲಸ. 10,000 ಜನಕ್ಕೆ ಒಂದು ಬೀಜದಂತೆ 1901ರ ಜನಸಂಖ್ಯೆ ಹಂಚಿ. ನ್ಯೂ ಸೌತ್ ವೇಲ್ಸ್‌ಗೆ 135, ವಿಕ್ಟೋರಿಯಾಕ್ಕೆ 120, ಕ್ವೀನ್ಸ್‌ಲ್ಯಾಂಡ್‌ಗೆ 50, ದಕ್ಷಿಣ ಆಸ್ಟ್ರೇಲಿಯಾಕ್ಕೆ 36, ಪಶ್ಚಿಮಕ್ಕೆ 18, ಟಾಸ್ಮೇನಿಯಾಕ್ಕೆ 17. ಸಂಸತ್ತಿನ ಕೆಳಮನೆಯಲ್ಲಿ 75 ಸ್ಥಾನ. ಐದು ಬೀಜಕ್ಕೆ ಒಂದು ಚೀಟಿ. 27, 24, 10, 7, 4, 3 ಎಂದು ಬರುತ್ತದೆ. ದೊಡ್ಡ ಎರಡು ಗುಂಪು ಸೇರಿದರೇ 51. ಟಾಸ್ಮೇನಿಯಾದ ಮಕ್ಕಳು ಮೂರು ಚೀಟಿ ಹಿಡಿದು "ನಾವ್ಯಾಕೆ ಸೇರಬೇಕು ಸಾರ್?" ಅನ್ನುತ್ತಾರೆ. ಆ ಪ್ರಶ್ನೆ ಬರುವವರೆಗೆ ನೀವು ಬಾಯಿ ತೆರೆಯಬೇಡಿ. ಬಂದ ಮೇಲೂ ಉತ್ತರ ಹೇಳಬೇಡಿ, ಸಣ್ಣವರು ತಮ್ಮ ಬೆಲೆ ತಾವೇ ಕೇಳಲಿ. ಹದಿನೈದು ನಿಮಿಷ ಜಗಳವಾಡಿದ ಮೇಲೆ ನಿಜವಾಗಿ ಆದದ್ದನ್ನು ಹೇಳಿ: ಮೇಲ್ಮನೆ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಸಮನಾಗಿ ಆರು ಸ್ಥಾನ, ಕೆಳಮನೆಯಲ್ಲಿ ಯಾರಿಗೂ ಐದಕ್ಕೆ ಕಡಿಮೆ ಇಲ್ಲ. ಮೊದಲ ಸಂಸತ್ತಿನಲ್ಲಿ ಕೆಳಮನೆಯ ಹಂಚಿಕೆ 26, 23, 9, 7, 5, 5 ಆಯಿತು.

ಸ್ಥಾನದ ಜಗಳ ಮುಗಿಯದೆ ಹಣದ ಮಾತಿಗೆ ಹೋಗಬೇಡಿ. ಯಾರ ಕೈಯಲ್ಲಿ ಎಷ್ಟು ಮತ ಎಂದು ಗೊತ್ತಿಲ್ಲದೆ ಬೊಕ್ಕಸ ಒಪ್ಪಿಸಲು ಯಾರೂ ಮನಸ್ಸು ಮಾಡುವುದಿಲ್ಲ. ಒಳಗಿನ ಸುಂಕ ರದ್ದಾಗಿ ಹೊರಗಿನ ಸುಂಕ ಕೇಂದ್ರಕ್ಕೆ ಹೋದರೆ ರಾಜ್ಯಗಳು ಶಾಲೆ, ರಸ್ತೆಗೆ ಎಲ್ಲಿಂದ ತರಬೇಕು? ಮೊದಲ ಹತ್ತು ವರ್ಷ ಸುಂಕದ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳಿಗೆ ಎಂದು ಒಪ್ಪಂದವಾಯಿತು. ಪಶ್ಚಿಮ ಆಸ್ಟ್ರೇಲಿಯಾ ತನ್ನದೇ ಸುಂಕವನ್ನು ಐದು ವರ್ಷದಲ್ಲಿ ಹಂತಹಂತವಾಗಿ ಇಳಿಸುವ ರಿಯಾಯಿತಿಯನ್ನೂ ಪಡೆಯಿತು. ಹಣದ ಕೀಲಿ ಕೇಂದ್ರಕ್ಕೆ ಕೊಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಮೊದಲ ಒಕ್ಕೂಟವಿದೆ. 1781ರ ಆ ಒಪ್ಪಂದದಲ್ಲಿ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ, 1787ರಲ್ಲಿ ಸಂವಿಧಾನವನ್ನೇ ಹೊಸದಾಗಿ ಬರೆಯಬೇಕಾಯಿತು.

ಮೂರನೇ ದಿನ, ಗುಂಪುಗಳು ಮಾಡಿಕೊಂಡ ಒಪ್ಪಂದದ ಕರಡಿಗೆ ಮತ ಹಾಕಿಸಿ. ಇದಕ್ಕೆ ಪಕ್ಕದ ವಿಭಾಗದ 40 ಮಕ್ಕಳನ್ನು ನ್ಯೂ ಸೌತ್ ವೇಲ್ಸ್‌ನ ಮತದಾರರಾಗಿ ಕರೆಸಿ. ಕರಡು ಬರೆದವರೇ ಮತ ಹಾಕಿದರೆ ಸೋಲುವುದೇ ಇಲ್ಲ. 23 'ಹೌದು' ಬಂದರಷ್ಟೇ ಗೆಲುವು ಎಂದು ಮೊದಲೇ ಸಾರಿ. 1898ರಲ್ಲಿ ಒಕ್ಕೂಟದ ಕರಡಿಗೆ ಅಲ್ಲಿ ನಡೆದ ಜನಮತದಲ್ಲಿ ಪರವಾಗಿ 71,595, ವಿರುದ್ಧ 66,228 ಮತ ಬಿದ್ದವು. ಬಹುಮತವೇನೋ ಬಂತು, ಆದರೆ ಕನಿಷ್ಠ 80,000 ಬೇಕೆಂದು ಕಾನೂನಿತ್ತು, ಬಿದ್ದುಹೋಯಿತು. ನಿಮ್ಮ ತರಗತಿಯಲ್ಲೂ ಬಿದ್ದರೆ ಸಂತೋಷ. ಮತ್ತೆ ಕೂಡಿಸಿ, ನ್ಯೂ ಸೌತ್ ವೇಲ್ಸ್‌ಗೆ ಇನ್ನೇನು ಕೊಟ್ಟರೆ ಒಪ್ಪೀತು ಎಂದು ಕೇಳಿ. 1899ರಲ್ಲಿ ಕೊಟ್ಟದ್ದು ರಾಜಧಾನಿ: ಅದು ನ್ಯೂ ಸೌತ್ ವೇಲ್ಸ್‌ನಲ್ಲೇ ಇರಬೇಕು, ಆದರೆ ಸಿಡ್ನಿಯಿಂದ 100 ಮೈಲಿಗೆ ಕಡಿಮೆ ಇರಬಾರದು, ಅಲ್ಲಿಯವರೆಗೆ ಸಂಸತ್ತು ಮೆಲ್ಬೋರ್ನ್‌ನಲ್ಲಿ. ಕ್ಯಾನ್‌ಬೆರಾ ಹುಟ್ಟಿದ್ದು ಈ ಚೌಕಾಸಿಯಿಂದ. ಆಮೇಲೆ ಬ್ರಿಟಿಷ್ ಸಂಸತ್ತಿನ ಕಾಯಿದೆ, 1901ರ ಜನವರಿ 1ಕ್ಕೆ ಒಕ್ಕೂಟ.

ಅಂಗಳದ ನಕ್ಷೆ ಅಳಿಸುವ ಮುಂಚೆ ಇನ್ನೊಂದು ಮಾತು ಹೇಳಲೇಬೇಕು. ಆ ನೆಲದ ಮೂಲನಿವಾಸಿಗಳನ್ನು ಈ ಚೌಕಾಸಿಗೆ ಯಾರೂ ಕರೆಯಲಿಲ್ಲ. ಜನಸಂಖ್ಯೆ ಲೆಕ್ಕದಿಂದ ಅವರನ್ನು ಹೊರಗಿಡುವ ಕಲಂ ಸಂವಿಧಾನದಲ್ಲೇ ಇತ್ತು, 1967ರ ಜನಮತದವರೆಗೆ. ನೀವು ಹಂಚಿದ ಬೀಜಗಳಲ್ಲಿ ಅವರಿಲ್ಲ ಎಂದು ಮಕ್ಕಳಿಗೆ ತಿಳಿಯಬೇಕು.

ಕರ್ನಾಟಕ ಏಕೀಕರಣವೂ ಹೀಗೇ ಆಯಿತು ಎಂದು ಮಕ್ಕಳು ಬರೆದರೆ ತಿದ್ದಿ. ಮೊಳಕಾಲ್ಮೂರು ಮೈಸೂರಿನದು, ಪಕ್ಕದ ಬಳ್ಳಾರಿ ಮದ್ರಾಸಿನದು; ಗಡಿಯ ತೊಡಕೇನೋ ಅಂಥದ್ದೇ. ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು ಆಗಿನ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಹಲುವಾಗಲಿನಲ್ಲಿ, ವಕೀಲಿ ಮಾಡಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಆದರೆ ಬಳ್ಳಾರಿ 1953ರಲ್ಲಿ, ಉಳಿದ ಕನ್ನಡ ಸೀಮೆಗಳು 1956ರ ನವೆಂಬರ್ 1ರಂದು ಸೇರಿದ್ದು ಭಾರತದ ಸಂಸತ್ತು ಮಾಡಿದ ಕಾಯಿದೆಯಿಂದ. ಚಳವಳಿಯ ಒತ್ತಡ ಹಿಂದಿತ್ತು, ಜನಮತದ ಪೆಟ್ಟಿಗೆ ಇರಲಿಲ್ಲ. ಅಂಕ ಕೊಡುವಾಗ ಒಂದನ್ನಷ್ಟೇ ನೋಡಿ: ತನ್ನ ಗುಂಪು ಬಿಟ್ಟುಕೊಟ್ಟದ್ದು ಯಾವುದು, ಅದಕ್ಕೆ ಪಡೆದದ್ದು ಯಾವುದು ಎಂದು ಮಗು ಎರಡು ಸಾಲಿನಲ್ಲಿ ಬರೆದಿದೆಯೇ.